ನಮ್ಮ ಬಗೆಯದಲ್ಲದ ಗೇಮ್‌ಗಳನ್ನು ರಿಯಾಯಿತಿ ಕಂಡೊಡನೆ ಕೊಂಡುಬಿಡುವ ಅಭ್ಯಾಸ ನಿಲ್ಲಿಸಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಕುಮಟಾದವರು, ವರ್ಷಗಳಿಂದ ಆಡುತ್ತ ಬಂದದ್ದು ಫುಟ್‌ಬಾಲ್ ಮತ್ತು ಗುಂಡು ಹಾರಿಸುವ ಆಟಗಳನ್ನು ಮಾತ್ರ. ಆದರೂ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ರಿಯಾಯಿತಿ ಬಂದಾಗಲೆಲ್ಲ ಸಾಮ್ರಾಜ್ಯ ಕಟ್ಟುವ ಆಟ, ಬೇಸಾಯದ ಆಟ, ಇಸ್ಪೀಟಿನ ಆಟ, ಪತ್ತೇದಾರಿ ಕಥೆ ಎಂದು ಕಣ್ಣಿಗೆ ಬಿದ್ದದ್ದನ್ನು ಕೊಳ್ಳುತ್ತೀರಿ. ಹೆಚ್ಚಿನವನ್ನು ಒಮ್ಮೆಯೂ ತೆರೆದಿಲ್ಲ. ಇದು ಚಟವೇ, ನಿಲ್ಲಿಸಬೇಕೇ ಎಂದು ಕೇಳಿದ್ದೀರಿ.

ನಿಲ್ಲಿಸಬೇಕಾಗಿಲ್ಲ. ಆದರೆ ಯಾವುದನ್ನು ಮನಸ್ಸಾದ ಕ್ಷಣಕ್ಕೆ ಕೊಳ್ಳಬಹುದು, ಯಾವುದನ್ನು ಹಾಗೆ ಕೊಳ್ಳಲೇಬಾರದು ಎಂದು ವಿಂಗಡಿಸಲು ಒಂದು ಅಳತೆ ಬೇಕು. ನೀವು ಈಗ ಬಳಸುತ್ತಿರುವ ಅಳತೆ ಬೆಲೆ. ನಾನು ಬಳಸುವುದು ಎರಡು ಗಂಟೆ.

2015ರ ಜೂನ್‌ನಿಂದ ಸ್ಟೀಮ್‌ನಲ್ಲಿ ಇರುವ ನಿಯಮ ನಿಮಗೆ ಗೊತ್ತಿರಬಹುದು: ಕೊಂಡು 14 ದಿನ ಮೀರಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಈ ಮಿತಿಯೊಳಗೆ ‘ಇಷ್ಟವಾಗಲಿಲ್ಲ’ ಎಂಬ ಕಾರಣಕ್ಕೂ ಹಣ ಹಿಂದಿರುಗಿಸುತ್ತಾರೆ. ಹಾಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಆಟ ತಾನು ಎಂಥದ್ದೆಂದು ಎರಡು ಗಂಟೆಯೊಳಗೆ ತೋರಿಸಿಕೊಡುತ್ತದೆಯೇ? ತೋರಿಸುತ್ತದೆ ಎಂದಾದರೆ ಅದು ಯಾವ ಬಗೆಯದಾದರೂ ಆಗಲಿ, ಧೈರ್ಯವಾಗಿ ಕೊಳ್ಳಿ, ಅದೇ ವಾರ ಆಡಿ, ಹಿಡಿಸದಿದ್ದರೆ ಹಿಂದಿರುಗಿಸಿ.

ಉದಾಹರಣೆಗೆ ‘ಬಲಾಟ್ರೊ’. 2024ರ ಫೆಬ್ರವರಿಯಲ್ಲಿ ಬಂದ ಇಸ್ಪೀಟಿನ ಆಟ, ಒಬ್ಬನೇ ವ್ಯಕ್ತಿ ತಯಾರಿಸಿದ್ದು. ನನಗೆ ಪೋಕರ್ ಬರುತ್ತಿರಲಿಲ್ಲ. ನಮ್ಮ ಕಾರವಾರದ ಮನೆಯಲ್ಲಿ ಎಲೆ ಹಿಡಿದರೆ ಅದು ರಮ್ಮಿಗೆ ಮಾತ್ರ. ಆದರೂ ಮೊದಲ ಅರ್ಧ ಗಂಟೆಯಲ್ಲೇ ಅದರ ಹೂರಣವೆಲ್ಲ ಮೇಜಿನ ಮೇಲೆ ಬಂದುಬಿಟ್ಟಿತು: ಐದು ಎಲೆ ಕೂಡಿಸಿ ಅಂಕ ಗಳಿಸುವುದು, ಜೋಕರ್‌ಗಳನ್ನು ಕೊಂಡು ಆ ಅಂಕವನ್ನು ಹತ್ತಾರು ಪಟ್ಟು ಹೆಚ್ಚಿಸುವುದು. ಪಣಕ್ಕೆ ನಿಜವಾದ ಒಂದು ಪೈಸೆಯೂ ಇಲ್ಲ. ಡೌನ್‌ಲೋಡ್ ಚಿಕ್ಕದು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಇಂಟರ್‌ನೆಟ್ ಹೋದರೂ ಆಟ ನಿಲ್ಲುವುದಿಲ್ಲ. ಜುಲೈ ತಿಂಗಳ ಕಾರವಾರದಲ್ಲಿ ಈ ಕೊನೆಯ ಗುಣ ಎಷ್ಟು ದೊಡ್ಡದೆಂದು ಕುಮಟಾದವರಿಗೆ ನಾನು ಹೇಳಬೇಕಾಗಿಲ್ಲ.

‘ಹೇಡಿಸ್’ ಕೂಡ ಹಾಗೆಯೇ. ಗ್ರೀಕ್ ಪುರಾಣದ ಪಾತಾಳದಿಂದ ತಪ್ಪಿಸಿಕೊಳ್ಳುವ ಆಟ. ಒಂದು ಪ್ರಯತ್ನ ಅರ್ಧ ಗಂಟೆಯ ಆಸುಪಾಸು. ಸತ್ತರೆ ಮತ್ತೆ ಮನೆಯಿಂದ ಶುರು. ಎರಡು ಗಂಟೆಯಲ್ಲಿ ಅದು ನಿಮ್ಮದೋ ಅಲ್ಲವೋ ತಿಳಿದೇ ತಿಳಿಯುತ್ತದೆ.

ಈಗ ‘ಕ್ರುಸೇಡರ್ ಕಿಂಗ್ಸ್ 3’ ನೋಡಿ. 2020ರಲ್ಲಿ ಬಂದದ್ದು, ಮಧ್ಯಯುಗದ ಒಂದು ರಾಜವಂಶವನ್ನು ತಲೆಮಾರುಗಳ ಕಾಲ ನಡೆಸುವ ಆಟ. ಭಕ್ತರು ಅದನ್ನು ಹೊಗಳುವುದರಲ್ಲಿ ಸುಳ್ಳಿಲ್ಲ. ಆದರೆ ಮೊದಲ ಎರಡು ಗಂಟೆ ಯಾವ ಗುಂಡಿ ಒತ್ತಿದರೆ ಯಾವ ಪಟ್ಟಿ ತೆರೆಯುತ್ತದೆ ಎಂದು ಕಲಿಯುವುದರಲ್ಲೇ ಮುಗಿಯುತ್ತದೆ. ಮಗನಿಗೆ ಹೆಣ್ಣು ಹುಡುಕಿ, ಮಾಂಡಲಿಕನೊಬ್ಬ ತಿರುಗಿಬಿದ್ದು, ರಾಜ ಸತ್ತು ರಾಜ್ಯ ಮಕ್ಕಳಲ್ಲಿ ಹಂಚಿಹೋಗಿ, ಅಯ್ಯೋ ಎನಿಸುವ ಹೊತ್ತಿಗೆ ಹಣ ಹಿಂದಿರುಗಿಸುವ ಗಡುವು ಎಂದೋ ದಾಟಿರುತ್ತದೆ. ಇಂಥವನ್ನು ರಿಯಾಯಿತಿ ಶೇಕಡಾ 80 ಇದ್ದರೂ ಹುಮ್ಮಸ್ಸಿನಲ್ಲಿ ಕೊಳ್ಳಬಾರದು. ಮೊದಲು ಯಾರಾದರೂ ಆಡುವ ವಿಡಿಯೊ ಒಂದು ಗಂಟೆ ನೋಡಿ. ಬೇಸರ ಬಾರದಿದ್ದರೆ ಆಮೇಲೆ ಮಾತು. ‘ಬಾಲ್ಡರ್ಸ್ ಗೇಟ್ 3’ ಎಂಬ ದೀರ್ಘ ಸಾಹಸ ಕಥೆಯ ಆಟ ಕೂಡ ಇದೇ ಸಾಲಿನದು, ಜೊತೆಗೆ ಸುಮಾರು 150 ಜಿಬಿ ಜಾಗ ಕೇಳುತ್ತದೆ. ಮಳೆಗಾಲದ ನಮ್ಮ ಸಂಪರ್ಕದಲ್ಲಿ ಅದು ಇಳಿದು ಮುಗಿಯುವಷ್ಟರಲ್ಲಿ ಕೊಂಡ ಹುಮ್ಮಸ್ಸು ಆರಿರುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ. ಡೌನ್‌ಲೋಡ್ ಆಗುವ ಹೊತ್ತು ಆ 2 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ, ಆದರೆ 14 ದಿನದ ಲೆಕ್ಕ ಕೊಂಡ ಗಳಿಗೆಯಿಂದಲೇ ಓಡುತ್ತದೆ. ಇನ್ನು ಆಟವನ್ನು ತೆರೆದಿಟ್ಟು ಊಟಕ್ಕೆ ಎದ್ದುಹೋದರೆ ಆ ಹೊತ್ತೂ ಆಡಿದ್ದೆಂದೇ ದಾಖಲಾಗುತ್ತದೆ. ಆದ್ದರಿಂದ ಸಂಜೆ ಬಿಡುವಿದ್ದು, ಕರೆಂಟು ಹೋಗದಿರುವ ಲಕ್ಷಣವಿರುವ ದಿನವೇ ಕೊಳ್ಳಿ. ಹಾಗೆಂದು ಕೊಂಡದ್ದನ್ನೆಲ್ಲ ಹಿಂದಿರುಗಿಸುತ್ತ ಕೂರಬೇಡಿ; ದುರುಪಯೋಗವೆಂದು ಕಂಡರೆ ಆ ಸೌಲಭ್ಯ ನಿಲ್ಲಿಸುವ ಹಕ್ಕು ತಮಗಿದೆ ಎಂದು ಸ್ಟೀಮ್‌ನವರು ನಿಯಮದಲ್ಲೇ ಬರೆದುಕೊಂಡಿದ್ದಾರೆ.

ನೀವು ಮುಂದೆ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ಕೊಳ್ಳುವ ಯೋಚನೆಯಲ್ಲಿದ್ದರೆ ಈ ಸಲಹೆ ಪೂರ್ತಿ ಬುಡಮೇಲು. ಅದರ ಅಂಗಡಿಯಲ್ಲೂ 14 ದಿನದ ಅವಕಾಶವಿದೆ, ಆದರೆ ಡೌನ್‌ಲೋಡ್ ಶುರುವಾಯಿತೋ, ಸಾಮಾನ್ಯವಾಗಿ ಹಣ ಮರಳುವುದಿಲ್ಲ. ಅಲ್ಲಿ ಹುಮ್ಮಸ್ಸಿನ ಖರೀದಿಗೆ ಡಿಸ್ಕ್ ಒಂದೇ ದಾರಿ. ಸಾಕೆನಿಸಿದರೆ ಹುಬ್ಬಳ್ಳಿಯಲ್ಲೋ ಗೋವೆಯಲ್ಲೋ ಯಾರಿಗಾದರೂ ಮಾರಬಹುದು.

‘ನನ್ನ ಬಗೆಯದಲ್ಲ’ ಎಂಬ ನಿಮ್ಮ ಮಾತಿನ ಬಗ್ಗೆಯೂ ನನ್ನದೊಂದು ತಕರಾರಿದೆ. ಸಿಮ್ಯುಲೇಶನ್, ಸ್ಟ್ರಾಟೆಜಿ, ರೋಲ್‌ಪ್ಲೇಯಿಂಗ್ ಎಂಬ ಹೆಸರುಗಳು ಅಡುಗೆಮನೆಯ ಡಬ್ಬಗಳ ಮೇಲೆ ಅಂಟಿಸಿದ ಚೀಟಿಗಳು. ಒಳಗೆ ಏನು ತುಂಬಿದ್ದಾರೆಂಬುದು ಮುಚ್ಚಳ ತೆಗೆದಾಗಲೇ ಗೊತ್ತು. ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಮತ್ತು ‘ಸಿಟೀಸ್: ಸ್ಕೈಲೈನ್ಸ್’ ಎರಡಕ್ಕೂ ಒಂದೇ ಚೀಟಿ. ಒಂದರಲ್ಲಿ ರಾತ್ರಿಯಿಡೀ ಒಬ್ಬರೇ ಲಾರಿ ಓಡಿಸುತ್ತೀರಿ, ಇನ್ನೊಂದರಲ್ಲಿ ಇಡೀ ನಗರದ ಚರಂಡಿ, ಬಸ್ಸು, ತೆರಿಗೆ ನೋಡಿಕೊಳ್ಳುತ್ತೀರಿ. ಮೊದಲನೆಯದನ್ನು ನಾನು ಕೊಂಡಾಗ ಮನೆಯಲ್ಲಿ ನಕ್ಕರು. ಅರಬೈಲ್ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುತ್ತ ಶಪಿಸುವವರಿಗೆ ದುಡ್ಡು ಕೊಟ್ಟು ಲಾರಿ ಓಡಿಸುವ ಆಟ ಬೇಕೇ ಎಂದು. ಬೇಕಿತ್ತು. ಕಚೇರಿಯಿಂದ ಬಂದ ಮೇಲೆ ಯಾರೊಡನೆಯೂ ಮಾತಾಡದೆ, ಏನನ್ನೂ ಗೆಲ್ಲದೆ, ರಸ್ತೆ ನೋಡುತ್ತ ಕೂರುವುದು ನನಗೆ ಹಿಡಿಸಿತು. ನಗರ ಕಟ್ಟುವ ಆಟ ಒಳ್ಳೆಯದೇ. ಆದರೆ ದಿನವಿಡೀ ಕಡತ ನೋಡಿದವರಿಗೆ ರಾತ್ರಿಯೂ ಒಳಚರಂಡಿಯ ದೂರು ಬೇಡ.

ಆದ್ದರಿಂದ ಆಟ ಯಾವ ಬಗೆಯದೆಂದು ನೋಡಬೇಡಿ, ಅದರಲ್ಲಿ ಕೈಗೆ ನಿಮಿಷ ನಿಮಿಷಕ್ಕೆ ಏನು ಕೆಲಸ ಎಂದು ನೋಡಿ. ಫುಟ್‌ಬಾಲ್ ಆಟದಲ್ಲಿ ನಿಮಗೆ ಇಷ್ಟವಾಗುವುದು ಏನು? ಪಂದ್ಯ ಚಿಕ್ಕದು, ಪ್ರತಿ ಕ್ಷಣ ಒಂದು ತೀರ್ಮಾನ, ಕೊನೆಗೆ ಸೋಲು ಗೆಲುವು ಖಚಿತ. ಈ ಗುಣಗಳು ‘ರಾಕೆಟ್ ಲೀಗ್’ನಲ್ಲಿ ಇವೆ, ಅಲ್ಲಿ ಚೆಂಡು ಒದೆಯುವುದು ಕಾರುಗಳು, 2020ರ ಸೆಪ್ಟೆಂಬರ್‌ನಿಂದ ಅದು ಉಚಿತವೂ ಹೌದು. ‘ಬಲಾಟ್ರೊ’ದಲ್ಲೂ ಇವೆ, ‘ಹೇಡಿಸ್’ನಲ್ಲೂ ಇವೆ. ಹೊರಗಿನಿಂದ ನೋಡಿದರೆ ಈ ಮೂರಕ್ಕೂ ಸಂಬಂಧವೇ ಇಲ್ಲ.

ಪರಿಚಿತ ವಿಷಯದ ಆಟ ಹಿಡಿಸುತ್ತದೆ ಎಂಬುದೂ ನಂಬುವಂತಿಲ್ಲ. ‘ಸ್ಟಾರ್‌ಡ್ಯೂ ವ್ಯಾಲಿ’ ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ ಬೇಸಾಯದ ಆಟ, 2016ರದು. ಶಿರಸಿ ಕಡೆ ಅಡಿಕೆ ತೋಟ ಇರುವ ನಮ್ಮ ಭಾವನಿಗೆ ಇದು ಹೇಳಿ ಮಾಡಿಸಿದಂತಿದೆ ಎಂದುಕೊಂಡು ತೋರಿಸಿದೆ. ಅಲ್ಲಿ ಮಳೆ ಬಂದ ದಿನ ಗಿಡಕ್ಕೆ ನೀರು ಹಾಕುವ ಕೆಲಸ ತಪ್ಪುತ್ತದೆ, ಆಟದೊಳಗಿನ ರೈತ ಹುಡುಗ ಆರಾಮವಾಗಿ ಗಣಿಗೆ ಇಳಿಯುತ್ತಾನೆ. ಭಾವ ಸ್ವಲ್ಪ ಹೊತ್ತು ನೋಡಿ, ‘ಈ ಮಳೆಗೆ ಕೊಳೆರೋಗ ಬರುವುದಿಲ್ಲವೇ? ಔಷಧಿ ಹೊಡೆಯುವುದು ಯಾವಾಗ?’ ಎಂದು ಕೇಳಿದರು. ಇಲ್ಲಿ ಮಳೆ ಬಿಡುವು ಕೊಟ್ಟರೆ ಸಾಕು, ಬೋರ್ಡೋ ದ್ರಾವಣ ಕಲಸಿಕೊಂಡು ಮರ ಹತ್ತುವವರಿಗಾಗಿ ಕಾಯುವ ಮನುಷ್ಯ ಅವರು. ಆ ಆಟ ಅವರಿಗೆ ಸುಳ್ಳೆನಿಸಿತು. ಅಕ್ಕ ಮಾತ್ರ ಬಿಡಲಿಲ್ಲ. ಆಟದೊಳಗಿನ ಒಂದು ದಿನ ಸುಮಾರು ಹದಿನಾಲ್ಕು ನಿಮಿಷದ್ದು. ‘ಇದೊಂದು ದಿನ’ ಎನ್ನುತ್ತ ಅವಳು ಋತುಗಳನ್ನೇ ಮುಗಿಸಿದಳು.

ಕರಾವಳಿಯವರಿಗೆಂದೇ ಹೇಳಬೇಕಾದದ್ದು ‘ಡ್ರೆಜ್’. ನ್ಯೂಜಿಲೆಂಡಿನ ಪುಟ್ಟ ತಂಡದ್ದು, 2023ರದು. ಒಂದು ದೋಣಿ, ಒಂದಿಷ್ಟು ದ್ವೀಪಗಳು, ಮೀನುಗಾರಿಕೆ. ಕತ್ತಲಾದರೆ ಮಂಜು, ಮಂಜಿನೊಳಗೆ ಏನೋ. ಭಯದ ಆಟ ಎಂದರೆ ನಾನು ಮಾರು ದೂರ. ಇದನ್ನು ಕೊಂಡದ್ದು ಜೂನ್ ಕೊನೆಯ ಬೇಸಿಗೆ ರಿಯಾಯಿತಿಯಲ್ಲಿ, ಅದು ಬರುವುದು ಸರಿಯಾಗಿ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ, ತಟ್ಟೆಗೆ ಒಣಮೀನು ಬರುತ್ತದೆ. ಆಗ ಪರದೆಯ ಮೇಲೆ ಮೀನು ಹಿಡಿಯುವುದರಲ್ಲಿ ಏನೋ ಒಂದು ಸಮಾಧಾನ. ಆದರೆ ನನ್ನನ್ನು ಕಟ್ಟಿಹಾಕಿದ್ದು ಭಯವೂ ಅಲ್ಲ, ಮೀನೂ ಅಲ್ಲ. ದೋಣಿಯಲ್ಲಿ ಜಾಗ ಕಡಿಮೆ. ಒಂದೊಂದು ಮೀನಿಗೂ ಒಂದೊಂದು ಆಕಾರ. ತಿರುಗಿಸಿ ಮುರುಗಿಸಿ ಜೋಡಿಸಬೇಕು. ಹೊತ್ತು ಕಳೆದಂತೆ ಮೀನು ಹಳಸುತ್ತದೆ, ಬೆಲೆ ಇಳಿಯುತ್ತದೆ. ಮೀನು ಮಾರುಕಟ್ಟೆಯಲ್ಲಿ ಹತ್ತು ಗಂಟೆಯ ಮೇಲೆ ಚೌಕಾಸಿ ಮಾಡಿದ ಯಾರಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಭಯದ ಆಟಗಳ ಪಟ್ಟಿಯಲ್ಲಿ ಹುಡುಕಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಅವಸರದ ಬಗ್ಗೆ. ಗಂಟೆಗಳ ಲೆಕ್ಕದಲ್ಲಿ ಬೆಲೆ ಬದಲಾಗುವ ಮಿಂಚಿನ ರಿಯಾಯಿತಿಗಳನ್ನು ಸ್ಟೀಮ್‌ನ ದೊಡ್ಡ ಮಾರಾಟಗಳಿಂದ 2015ರಲ್ಲೇ ಕೈಬಿಟ್ಟರು. ಈಗ ಮಾರಾಟದ ಮೊದಲ ದಿನದ ಬೆಲೆಯೇ ಸಾಮಾನ್ಯವಾಗಿ ಕೊನೆಯ ದಿನಕ್ಕೂ ಇರುತ್ತದೆ. ವರ್ಷಕ್ಕೆ ನಾಲ್ಕು ದೊಡ್ಡ ಮಾರಾಟಗಳಿವೆ. ಇವತ್ತು ತಪ್ಪಿದ ಬೆಲೆ ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಬರುವುದೇ ಹೆಚ್ಚು. ಇದಕ್ಕೆ ಹೊರತಾದದ್ದು ಕಾರ್ಖಾನೆ ಕಟ್ಟುವ ಆಟ ‘ಫ್ಯಾಕ್ಟೋರಿಯೊ’. ಎಂದಿಗೂ ರಿಯಾಯಿತಿ ಇಲ್ಲ ಎಂದು ಅದರ ತಯಾರಕರು ಘೋಷಿಸಿದ್ದಾರೆ. 2023ರ ಜನವರಿಯಲ್ಲಿ ಬೆಲೆ ಏರಿಸಿದ್ದೂ ಉಂಟು. ಹಾಗಾಗಿ ಅದನ್ನು ಕೊಂಡವರು ಬೇಕೆಂದೇ ಕೊಂಡಿರುತ್ತಾರೆ. ಕೊಳ್ಳುವ ಮುಂಚೆ ಆಡಿ ನೋಡಲು ಉಚಿತ ಡೆಮೊ ಇದೆ, ಅದೂ ಸಾಕಷ್ಟು ಉದ್ದದ್ದು. ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ವಾರವಾರವೂ ಯಾವುದಾದರೂ ಆಟ ಉಚಿತವಾಗಿ ಸಿಗುತ್ತದೆ. ಗೊತ್ತಿಲ್ಲದ ಬಗೆಗಳ ರುಚಿ ನೋಡಲು ಅದಕ್ಕಿಂತ ಅಗ್ಗದ ದಾರಿಯಿಲ್ಲ.

ನೀವು ಬರೆದದ್ದರಲ್ಲಿ ನನಗೆ ನಗು ಬರಿಸಿದ ಒಂದು ಮಾತಿದೆ. ಇನ್ನೂರು ಮುನ್ನೂರು ರೂಪಾಯಿಯ ಬೇಸಾಯದ ಆಟಕ್ಕೆ ಇಷ್ಟು ಪಶ್ಚಾತ್ತಾಪ ಪಡುವವರು ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಫುಟ್‌ಬಾಲ್ ಆಟವನ್ನು ಬಿಡುಗಡೆಯ ದಿನವೇ ಪೂರ್ತಿ ಬೆಲೆಗೆ, ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತೀರಿ. 2023ರಲ್ಲಿ ‘ಫಿಫಾ’ ಹೆಸರು ಹೋಗಿ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಆದಾಗಲೂ ಕೊಂಡಿರಿ. ಅದನ್ನು ಮಾತ್ರ ಖರ್ಚೆಂದು ಎಣಿಸಿಲ್ಲ. ಒಂದು ವರ್ಷ ಅದನ್ನು ಬಿಟ್ಟು ನೋಡಿ, ಹಳೆಯದರಲ್ಲೇ ಆಡಿ; ಆ ಹಣದಲ್ಲಿ ಹತ್ತು ಅಪರಿಚಿತ ಸಣ್ಣ ಆಟಗಳು ಬಂದಾವು. ಆಡದೆ ಬಿದ್ದಿರುವ ಪಟ್ಟಿಯ ಬಗ್ಗೆಯೂ ಅಷ್ಟು ನಾಚಿಕೆ ಬೇಡ. 2024ರಲ್ಲಿ ಸ್ಟೀಮ್ ಬಳಕೆದಾರರು ಆಡಿದ ಆಟಗಳ ಮಧ್ಯಾಂಕ ಕೇವಲ 4, ಅಂದರೆ ಅರ್ಧದಷ್ಟು ಜನ ಆಡಿದ್ದು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಆಟ, ಎಂದು ಸ್ಟೀಮ್‌ನವರೇ ಪ್ರಕಟಿಸಿದ್ದಾರೆ.

ನೀವು ಈಗಾಗಲೇ ಕೊಂಡಿರುವವುಗಳಿಗೆ ಬರೋಣ. ಪತ್ತೇದಾರಿ ಕಥೆ ಎಂದು ನೀವು ಬರೆದದ್ದು ‘ಡಿಸ್ಕೊ ಎಲಿಸಿಯಂ’. ಅದ್ಭುತವಾದ ಆಟ, ಆದರೆ ಅದರಲ್ಲಿ ಸುಮಾರು ಹತ್ತು ಲಕ್ಷ ಪದಗಳ ಇಂಗ್ಲಿಷ್ ಓದು ಇದೆ, ಅದೂ ಸರಳ ಇಂಗ್ಲಿಷ್ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಅಕ್ಕನ ಮಗ ಬುದ್ಧಿವಂತ. ಆದರೂ ಅರ್ಧಕ್ಕೇ ಕೈಬಿಟ್ಟ. ನಿಮಗೆ ಇಂಗ್ಲಿಷ್ ಕಾದಂಬರಿ ಓದುವ ರೂಢಿ ಇದ್ದರೆ ತೆರೆಯಿರಿ, ಇಲ್ಲದಿದ್ದರೆ ಸದ್ಯಕ್ಕೆ ಬಿಡಿ. ಸಾಮ್ರಾಜ್ಯದ ಆಟಕ್ಕೆ ದಸರಾ ರಜೆಯವರೆಗೆ ಕೈಹಾಕಬೇಡಿ. ಇಸ್ಪೀಟಿನ ಆಟವನ್ನು ಇವತ್ತೇ ರಾತ್ರಿ ಅರ್ಧ ಗಂಟೆ ಆಡಿ. ಬೇಸಾಯದ್ದನ್ನು ಕೊಂಡು ಎರಡು ವಾರ ಆಗಿಲ್ಲ ಎಂದಿದ್ದೀರಿ, ಅದನ್ನು ಈ ಭಾನುವಾರ ತೆರೆದು ಮೊದಲ ವಸಂತದ ಒಂದು ವಾರವನ್ನಾದರೂ ಮುಗಿಸಿ. ಅಷ್ಟಕ್ಕೆ ಎರಡು ಗಂಟೆ ಬೇಕಾಗುವುದಿಲ್ಲ. ಹಿಡಿಸದಿದ್ದರೆ ಹಿಂದಿರುಗಿಸಿ, ಯುಪಿಐಯಲ್ಲಿ ಕೊಟ್ಟದ್ದಾದರೂ ಸ್ಟೀಮ್ ವಾಲೆಟ್‌ಗೆ, ಅಂದರೆ ಸ್ಟೀಮ್‌ನಲ್ಲೇ ಖರ್ಚು ಮಾಡುವ ನಿಮ್ಮ ಖಾತೆಯ ಹಣಕ್ಕೆ, ಪಡೆಯುವ ಆಯ್ಕೆ ಇರುತ್ತದೆ.

ಪ್ರಶ್ನೆಯ ಕೊನೆಯಲ್ಲಿ ಕೇಳಿದ ಕಾರ್ ರೇಸಿನ ಆಟದ ಬಗ್ಗೆ ಈಗಲೇ ಹೇಳಲಾರೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಯಾವುದು, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಇದೆಯೇ ಎಂದು ಬರೆಯಿರಿ. ಕೀಬೋರ್ಡಿನಲ್ಲೇ ಆಡುವುದಾದರೆ ನನ್ನ ಉತ್ತರ ಬೇರೆ.