ಕ್ರೋಶಾ ಪಾದರಕ್ಷೆ ಸಡಿಲವಾಗದಿರಲು

ಪ್ರಶ್ನೆ: ಮಡಿಕೇರಿಯ ಚಳಿಗೆಂದು ಅತ್ತೆ-ಮಾವನವರಿಗೆ ಮನೆಯೊಳಗೆ ಧರಿಸಲು ಕ್ರೋಶಾದಲ್ಲಿ ಪಾದರಕ್ಷೆ ಹೆಣೆದುಕೊಟ್ಟೆ. ಕೆಲವೇ ದಿನಗಳಲ್ಲಿ ಅವು ಸಡಿಲವಾಗಿ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರತೊಡಗಿವೆ. ಪರಿಹಾರವೇನು?

ಉತ್ತರ: ಉಲ್ಲನ್ ಹೆಣಿಗೆ ಬಳಸಿದಂತೆ ಹಿಗ್ಗುವುದರಿಂದ, ಪಾದದ ಉದ್ದಕ್ಕೆ ಸರಿಯಾಗಿ ಹೆಣೆಯದೆ ಸುಮಾರು 2 ಸೆಂ.ಮೀ. ಕಡಿಮೆ ಇಟ್ಟುಕೊಳ್ಳಬೇಕು. ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು, 5 ಮಿ.ಮೀ. ಕೊಕ್ಕೆಕಡ್ಡಿಯಲ್ಲಿ ಬಿಗಿಯಾಗಿ ಸಿಂಗಲ್ ಕ್ರೋಶಾ (ಕ್ರೋಶಾದ ಗಿಡ್ಡ, ಸರಳ ಹೊಲಿಗೆ) ಹಾಕಿದರೆ ಬಟ್ಟೆ ದಪ್ಪವಾಗಿಯೂ ಬೆಚ್ಚಗೂ ಇರುತ್ತದೆ. ಕಾಲ್ಬೆರಳುಗಳ ತುದಿಯ ಕಡೆಯಲ್ಲಿ 6 ಹೊಲಿಗೆಗಳ ವೃತ್ತದಿಂದ ಆರಂಭಿಸಿ, ಪ್ರತಿ ಸುತ್ತಿಗೆ 6ರಂತೆ ಹೆಚ್ಚಿಸುತ್ತ ಸುಮಾರು 30ಕ್ಕೆ ತಂದು, ಪಾದದ ಅರ್ಧದವರೆಗೆ ಹೆಚ್ಚಿಸದೆ ಸುತ್ತು ಹಾಕಿ, ಅನಂತರ ಮೇಲ್ಭಾಗವನ್ನು ತೆರೆದಿಟ್ಟು ಸಾಲುಸಾಲಾಗಿ ಹಿಮ್ಮಡಿಯವರೆಗೆ ಹೆಣೆದು, ಕೊನೆಯ ಸಾಲನ್ನು ಮಡಿಸಿ ಜೋಡಿಸಿರಿ. ಸುತ್ತಳತೆಯನ್ನು ಮಾತ್ರ ಅವರ ಕಾಲಿಗೇ ಹಿಡಿದು ನೋಡುವುದು ಲೇಸು. ಸಂಜೆ ಕಾಲು ಊದುವ ಹಿರಿಯರಿಗೆ ಒಂದೆರಡು ಹೊಲಿಗೆ ಹೆಚ್ಚು ಬೇಕಾಗಬಹುದು. ಈಗಾಗಲೇ ಸಡಿಲವಾಗಿರುವ ಜೋಡಿಯ ಬಾಯಿಯ ಅಂಚಿನಲ್ಲಿ ಎಲಾಸ್ಟಿಕ್ ಪೋಣಿಸಿ.

ಜಾರುವಿಕೆಯನ್ನು ವಯಸ್ಸಾದವರ ವಿಷಯದಲ್ಲಿ ಹಗುರವಾಗಿ ಕಾಣುವಂತಿಲ್ಲ. ಮೆದು ಚರ್ಮದ ಒರಟು ಮಗ್ಗುಲು ಹೊರಗೆ ಬರುವಂತೆ, ಹಿಮ್ಮಡಿಗೂ ಮುಂಗಾಲಿಗೂ ಎರಡು ತುಂಡುಗಳನ್ನು ಅಡಿಯಲ್ಲಿ ಹೊಲಿಯಿರಿ. ಶುದ್ಧ ಉಣ್ಣೆಯದಾದರೆ ಬಿಸಿನೀರಿನಲ್ಲಿ ಉಜ್ಜಿ ಒಗೆಯಬಾರದು, ಕುಗ್ಗಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ನೂಲಿಗೆ ಆ ತೊಂದರೆಯಿಲ್ಲ.