ಸಿಕೇಚರ್ ಇದ್ದಮೇಲೂ ಮಲೆನಾಡಿನ ಬಾಗಿದ ಕತ್ತಿ ಬೇಕಾ?

ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ತಗೊಂಡಿದ್ದೀರಿ, ಸಿಕೇಚರ್ (ಗಿಡದ ಕಡ್ಡಿ ಕತ್ತರಿಸುವ ಕೈಕತ್ತರಿ), ಗರಗಸ ಎರಡೂ ಇದ್ದರೂ ಕೆಲಸದವರು ಕತ್ತಿಯನ್ನೇ ಕೇಳುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ಕೊಡಿಸಿ. ಆದರೆ ಅದು ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ಮಾತ್ರ, ಕಾಫಿ ಗಿಡಕ್ಕಲ್ಲ.

ನೇರ ಮಚ್ಚಿನಲ್ಲಿ ಹಸಿ ಕೊಂಬೆಗೆ ಹೊಡೆದು ನೋಡಿ. ಏಟು ಸ್ವಲ್ಪ ಓರೆಯಾದರೂ ಅಲಗು ಜಾರಿಬಿಡುತ್ತದೆ. ಬಾಗಿದ ಕತ್ತಿಯಲ್ಲಿ ಕೊಂಬೆ ಆ ಬಾಗಿನೊಳಗೇ ಕೂರುತ್ತದೆ. ಹೊಡೆದು ಒಂಚೂರು ಎಳೆದರೆ ಸಾಕು, ಕೊಯ್ದುಕೊಂಡೇ ಬರುತ್ತದೆ. ಮರ ಹತ್ತಿದವನ ಒಂದು ಕೈ ಮರ ಹಿಡಿದಿರುತ್ತದೆ ಅಲ್ವಾ? ರೆಂಬೆ ಹಿಡಿಯಲು ಇನ್ನೊಂದು ಕೈ ಎಲ್ಲಿಂದ ತರೋದು? ಆ ಕೆಲಸ ಕತ್ತಿಯ ಮೂತಿಯದು. ದೂರದ ರೆಂಬೆ ಎಳೆಯೋದು, ಕಡಿದ ಮೇಲೆ ಸಿಕ್ಕಿಕೊಂಡಿದ್ದನ್ನು ಬಿಡಿಸೋದು, ಎಲ್ಲ ಅದರಲ್ಲೇ. ನೆರಳಿಗೆ ಬೆಳೆಸುವ ಹಾಲುವಾಣ ಮರದ ಮುಳ್ಳು ಒಮ್ಮೆ ಕೈಗೆ ತಾಗಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತುವಾಗ ಇಳಿಯುವಾಗ ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಂಡರೆ ಎರಡು ಕೈಯೂ ಖಾಲಿ.

ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಲ್ಲಿ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಸೊಪ್ಪು ಕಡಿಯುವುದೂ ಇಂಥ ಕತ್ತಿಯಲ್ಲೇ.

ದಪ್ಪ ಕೊಂಬೆಗೆ ಮೊದಲ ಏಟು ಅಡಿಯಿಂದ ಬೀಳಬೇಕು. ಬರೀ ಮೇಲಿನಿಂದ ಕಡಿದರೆ ಕೊಂಬೆ ತನ್ನ ಭಾರಕ್ಕೇ ಮುರಿದು, ಬೀಳುವಾಗ ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಇದನ್ನು ಕೆಲಸದವರಿಗೆ ಹೇಳಲೇಬೇಕು ಅಂತಿಲ್ಲ, ಅವರು ನಿಮಗೆ ಹೇಳಿಕೊಡುತ್ತಾರೆ.

ಕಾಫಿ ಗಿಡಕ್ಕೆ ಮಾತ್ರ ಸಿಕೇಚರ್, ದಪ್ಪದ್ದಕ್ಕೆ ಗರಗಸ. ಕತ್ತಿ ಬೀಸಿದರೆ ಕಡ್ಡಿ ಸೀಳುತ್ತದೆ, ಪಕ್ಕದ ಕಾಂಡಕ್ಕೂ ಗಾಯ. ಅರೇಬಿಕಾದಲ್ಲಂತೂ ಕಾಂಡಕೊರಕ ಹುಳು ಮೊಟ್ಟೆ ಇಡುವುದೇ ತೊಗಟೆಯ ಬಿರುಕಿನಲ್ಲಿ. ಸುಮ್ನೆ ನಾವೇ ಯಾಕೆ ಜಾಗ ಮಾಡಿಕೊಡಬೇಕು?

ಕತ್ತಿ ಕಮ್ಮಾರರ ಹತ್ತಿರವೇ ಮಾಡಿಸಿ. ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ತಟ್ಟಿದ್ದು ಚೆನ್ನಾಗಿ ಬಾಳಿಕೆ ಬರುತ್ತದೆ. ಅಂಗಡಿಯಲ್ಲಿ ಬಣ್ಣ ಬಳಿದು ನೇತುಹಾಕಿರುವ ತೆಳು ತಗಡಿನದ್ದನ್ನು ನಾನಂತೂ ತಗೊಳ್ಳಲ್ಲ. ಒಣ ಬಿದಿರಿನ ಗೆಣ್ಣಿಗೆ ಎರಡು ಏಟು ಹಾಕಿ ನೋಡಿ. ಅಲಗಿನ ಅಂಚು ಮಡಚಿದರೆ ಹದ (ಕಾಯಿಸಿ ತಣಿಸಿ ಉಕ್ಕಿಗೆ ತರುವ ಗಡಸು) ಕಮ್ಮಿಯಾಗಿದೆ, ಚಕ್ಕೆ ಎದ್ದರೆ ಜಾಸ್ತಿಯಾಗಿದೆ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಲಿ, ಇಲ್ಲದಿದ್ದರೆ ಮರ ಸೀಳಿ ಕತ್ತಿ ಕಳಚಿಕೊಳ್ಳುತ್ತದೆ. ಮೇಲಿನಿಂದ ಕತ್ತಿ ಬಿದ್ದರೆ ಕೆಳಗೆ ನಿಂತವರ ಗತಿ ಏನು?

ಮಸೆಯುವುದು ಸ್ವಲ್ಪ ಕಷ್ಟ. ಬಾಗಿನ ಒಳಭಾಗಕ್ಕೆ ಚಪ್ಪಟೆ ಕಲ್ಲು ಕೂರುವುದಿಲ್ಲ, ದುಂಡು ಅಂಚಿನ ಸಾಣೆಕಲ್ಲು ಬೇಕು. ಕತ್ತಿಯನ್ನು ಅಲುಗಾಡದಂತೆ ಇಟ್ಟು ಕಲ್ಲನ್ನೇ ಆಡಿಸಿ, ನೀರು ಹಾಕುತ್ತಾ ಇರಿ. ಬೇಗ ಆಗಲಿ ಅಂತ ಗ್ರೈಂಡರಿಗೆ ಕೊಟ್ಟು ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಮತ್ತೆ ಕುಲುಮೆಗೇ ಹೊರಬೇಕು.