ಹೊಸ ಆವಿಷ್ಕಾರಗಳ ಎಡವಟ್ಟಿನ ಬಗ್ಗೆ ಹಾಸ್ಯಕಥೆ ಬರೆಯಬೇಕು. ರೋಬೋಟ್, ಟೈಮ್ ಮೆಷಿನ್, ಎಐ: ಯಾವುದನ್ನು ಆರಿಸಿಕೊಳ್ಳಲಿ?

ಮೂರೂ ಬೇಡ. ರೋಬೋಟ್ ಅಂತೂ ಖಂಡಿತ ಬೇಡ, ಅದನ್ನು ಬರೆದು ಕೈಸುಟ್ಟುಕೊಂಡವನು ನಾನು.

ಕಾಲೇಜು ಮುಗಿಸಿದ ಹೊಸತರಲ್ಲಿ ರಾಗಿ ರೊಟ್ಟಿ ತಟ್ಟುವ ರೋಬೋಟಿನ ಕಥೆ ಬರೆದೆ. ಬೀಗರು ಊಟಕ್ಕೆ ಕೂತಾಗ ಅದಕ್ಕೆ ತಲೆಕೆಟ್ಟು, ಹಿಟ್ಟು ಬಿಟ್ಟು ಯಜಮಾನರ ಬೋಳುತಲೆಯನ್ನೇ ತಟ್ಟತೊಡಗುತ್ತದೆ. ಬರೆಯುವಾಗ ನಾನೇ ಬಿದ್ದೂ ಬಿದ್ದೂ ನಕ್ಕಿದ್ದೆ. ದೀಪಾವಳಿ ವಿಶೇಷಾಂಕಕ್ಕೆ ಕಳಿಸಿದೆ, ವಾಪಸ್ ಬಂತು. ಅದೇ ಧಾಟಿಯಲ್ಲಿ ಮನಸ್ಸು ಓದುವ ಕನ್ನಡಕ, ಸುಳ್ಳು ಹಿಡಿಯುವ ಚಪ್ಪಲಿ ಅಂತ ಬರೆದೆ. ಅವೂ ಹೋದ ದಾರಿಯಲ್ಲೇ ತಿರುಗಿ ಬಂದವು. ಸಂಕಲನ ತರುವ ಆಸೆಗೆ ಅಲ್ಲಿಗೆ ಎಳ್ಳುನೀರು.

ಎಲ್ಲಿ ಎಡವಿದ್ದೆ ಅನ್ನೋದು ಹೊಳೆದದ್ದು ಶಿರಾ ಕಡೆಯ ನಮ್ಮ ದೊಡ್ಡಪ್ಪನ ತೋಟದಲ್ಲಿ. ಅಲ್ಲಿ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ನಡುರಾತ್ರಿ, ಅದೂ ಅದಕ್ಕೆ ಮನಸ್ಸು ಬಂದಾಗ. ದೊಡ್ಡಪ್ಪ ನಿದ್ದೆಗಣ್ಣಲ್ಲಿ ಎದ್ದು, ಟಾರ್ಚ್ ಹಿಡಿದು, ಹಾವಿಗೆ ಹೆದರಿ ನೆಲಕ್ಕೆ ಕೋಲು ಬಡಿಯುತ್ತಾ ಹೋಗಿ ಮೋಟರ್ ಹಾಕಬೇಕು. ಸಾಕಾಗಿ ಒಂದು ಉಪಾಯ ಮಾಡಿದರು. ಹಳೇ ಸೈಕಲ್ ಟ್ಯೂಬ್ ಕೊಯ್ದು, ಸ್ಟಾರ್ಟರಿನ ಹಸಿರು ಬಟನ್ ಸದಾ ಒತ್ತಿಕೊಂಡೇ ಇರುವಂತೆ ಬಿಗಿದು ಕಟ್ಟಿದರು. ಕರೆಂಟ್ ಬಂದಾಗ ಮೋಟರ್ ತಾನಾಗಿಯೇ ಗುಂಯ್ ಎಂದಿತು. ಆಮೇಲೆ ಅಂಗಡಿಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಡಬ್ಬಿ ಬಂತು, ದೊಡ್ಡಪ್ಪ ತಂದರು. ಅವರು ತಂದಮೇಲೆ ಅಕ್ಕಪಕ್ಕದ ತೋಟದವರು ಸುಮ್ಮನಿರುತ್ತಾರೆಯೇ?

ಮೊದಲಾದರೆ ಒಬ್ಬ ಬೇಗ ಎದ್ದು ಹೋಗುತ್ತಿದ್ದ, ಇನ್ನೊಬ್ಬ ಬೀಡಿ ಹಚ್ಚಿಕೊಂಡು ನಿಧಾನಕ್ಕೆ ಹೋಗುತ್ತಿದ್ದ, ಮತ್ತೊಬ್ಬನನ್ನು ಹೆಂಡತಿ ಎಬ್ಬಿಸಬೇಕಿತ್ತು. ಮೋಟರುಗಳು ಹಿಂದುಮುಂದಾಗಿ ಶುರುವಾಗುತ್ತಿದ್ದವು. ಈ ಸೋಮಾರಿತನವೇ ಟಿಸಿಯನ್ನು, ಅಂದರೆ ಅಷ್ಟೂ ತೋಟಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರನ್ನು, ಕಾಯುತ್ತಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಮೋಟರ್ ಶುರುವಾಗುವ ಆ ಕ್ಷಣಕ್ಕೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಈಗ ಅಷ್ಟೂ ಮೋಟರುಗಳು ಒಂದೇ ಸಲ ಎಳೆದವು. ಢಂ! ಫ್ಯೂಸ್ ಹೋಯಿತು. ರಾತ್ರಿ ನಿದ್ದೆ ಮಾಡಲೆಂದೇ ಡಬ್ಬಿ ತಂದವರೆಲ್ಲ ಕಂಬಳಿ ಹೊದ್ದು ಟಿಸಿ ಕೆಳಗೆ ಸಭೆ ಸೇರಿದರು.

ಆ ಡಬ್ಬಿಯಲ್ಲಿ ಕರೆಂಟ್ ಬಂದು ಎಷ್ಟು ಹೊತ್ತಿಗೆ ಮೋಟರ್ ಶುರುವಾಗಬೇಕು ಅಂತ ಇಡಲು ಒಂದು ತಿರುಗಣೆ ಇರುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತು ಇಟ್ಟುಕೊಳ್ಳಿ ಅಂದ ಲೈನ್‌ಮ್ಯಾನ್. ಎಲ್ಲರೂ ಒಪ್ಪಿದರು. ಮನೆಗೆ ಬರುವ ಮುಂಚೆ ದೊಡ್ಡಪ್ಪ ತೋಟಕ್ಕೆ ಹೋಗಿ ತಮ್ಮದನ್ನು ತೀರಾ ಕಡಿಮೆಗೆ ತಿರುಗಿಸಿದರು.

"ಯಾಕೆ ದೊಡ್ಡಪ್ಪ?" ಅಂದೆ.

"ಮಿಕ್ಕೋರೆಲ್ಲ ನಿಧಾನಕ್ಕೆ ಇಟ್ಕೊಂಡವ್ರಲ್ಲೋ. ನಂದೊಂದು ಬೇಗ ಆದ್ರೆ ಏನಾಯ್ತದೆ?"

ಮಿಕ್ಕವರೂ ಇದೇ ಲೆಕ್ಕ ಹಾಕಿದ್ದರು ಅನ್ನೋದು ಮತ್ತೆ ಢಂ ಅಂದಾಗ ಗೊತ್ತಾಯಿತು.

ಗಮನಿಸಿ: ಆ ಡಬ್ಬಿ ಒಂದು ದಿನವೂ ಕೆಟ್ಟಿರಲಿಲ್ಲ. ನನ್ನ ರೋಬೋಟ್ ಕೆಟ್ಟಿತ್ತು. ನಾನು ಎಡವಿದ್ದು ಇಲ್ಲೇ, ಬೇರೆಲ್ಲೂ ಅಲ್ಲ. ಯಂತ್ರ ಕೆಟ್ಟರೆ ತಪ್ಪೆಲ್ಲ ಯಂತ್ರದ್ದು, ಮೆಕ್ಯಾನಿಕ್ ಬಂದರೆ ಕಥೆ ಮುಗಿಯಿತು. ಯಜಮಾನರು ಜಿಪುಣರೋ ಜಂಬದವರೋ ಅಂತ ಯೋಚಿಸುವ ಗೋಜೇ ನನಗಿರಲಿಲ್ಲ, ಅವರದ್ದು ಬರೀ ಬೋಳುತಲೆಯ ಪಾತ್ರ. ಕನ್ನಡಕ, ಚಪ್ಪಲಿ ಕಥೆಗಳಲ್ಲೂ ಇದೇ ಹಣೆಬರಹ. ಯಂತ್ರ ಹೇಳಿದ್ದನ್ನೇ ಮಾಡಿದಾಗ ಮಾತ್ರ, ಹೇಳಿದವನ ಒಳಗೇನಿತ್ತು ಅನ್ನೋದು ಹೊರಬೀಳುತ್ತದೆ. ಸಂಪಾದಕರು ಇದನ್ನು ಒಂದು ಸಾಲಿನಲ್ಲಿ ಬರೆದು ಕಳಿಸಬಹುದಿತ್ತು, ಇರಲಿ.

ಇದು ನಮ್ಮೂರಿನ ರೋಗ ಮಾತ್ರವಲ್ಲ. ವಿಯೆಟ್ನಾಮಿನ ಹನೋಯಿಯಲ್ಲಿ ಫ್ರೆಂಚರು ತಮ್ಮ ಬಡಾವಣೆಗೆ ನೆಲದಡಿ ಒಳಚರಂಡಿ ಹಾಕಿಸಿದರು. ಚರಂಡಿ ಚೆನ್ನಾಗಿಯೇ ಕೆಲಸ ಮಾಡಿತು, ಇಲಿಗಳ ಪಾಲಿಗೂ. ಸಾಹೇಬರ ಮನೆಯೊಳಕ್ಕೇ ನೇರ ದಾರಿ! ಪ್ಲೇಗಿಗೆ ಹೆದರಿ 1902ರಲ್ಲಿ ಇಲಿಯ ಬಾಲ ತಂದವರಿಗೆ ಕಾಸು ಕೊಡುತ್ತೇವೆಂದರು. ಬಾಲಗಳು ರಾಶಿ ಬಿದ್ದವು. ಆದರೆ ಊರ ತುಂಬ ಮೋಟು ಇಲಿಗಳು ಓಡಾಡುತ್ತಿದ್ದವು. ಕೊಂದರೆ ಮರಿ ಹಾಕುವವರು ಯಾರು? ಊರಾಚೆ ಇಲಿ ಸಾಕಣೆಯೂ ಶುರುವಾಗಿತ್ತು.

ಟೈಮ್ ಮೆಷಿನ್ ಯಾರ ಮನೆಯಲ್ಲೂ ಇಲ್ಲ, ಅದರ ಮಾಲೀಕನ ಚಟ ನಿಮಗೆ ಗೊತ್ತಾಗುವುದೂ ಇಲ್ಲ. ಎಐ ಜೋಕುಗಳು ವಾಟ್ಸಾಪಿನಲ್ಲೇ ಹಳಸಿವೆ. ರೋಬೋಟನ್ನು ಬಿಡಲು ಮನಸ್ಸೇ ಬಾರದಿದ್ದರೆ, ದಯವಿಟ್ಟು ಅದರ ತಲೆ ಕೆಡಿಸಬೇಡಿ. ಅಡುಗೆಮನೆಯಲ್ಲಿ ನಿಲ್ಲಿಸಿ. "ನನ್ನ ಮಗನಿಗೆ ದಿನಾ ಎರಡು ಚಮಚ ತುಪ್ಪ ಜಾಸ್ತಿ ಹಾಕು, ಅವಳಿಗೆ ಹೇಳಬೇಡ" ಅಂತ ಅತ್ತೆ ಹೇಳಲಿ. "ಇವರಿಗೆ ಶುಗರ್ ಇದೆ, ತುಪ್ಪ ಮುಟ್ಟಿಸಬೇಡ, ಅತ್ತೆಗೆ ಹೇಳಬೇಡ" ಅಂತ ಸೊಸೆ ಹೇಳಲಿ. ಇಬ್ಬರಿಗೂ ಅದು "ಆಯ್ತಮ್ಮ" ಅನ್ನಲಿ.